'ಕೊಡಗು' ಪದದಲ್ಲಿ ಎಷ್ಟು ಅಕ್ಷರ?

ಕೋಡ್ ಬರೆದುಕೊಡುವ ಎಐ ಸಹಾಯಕಗಳಲ್ಲಿ ಯಾವುದು ಮೇಲು ಎಂಬ ಚರ್ಚೆ ಹೆಚ್ಚಾಗಿ ಅಂಕಪಟ್ಟಿಯ ಸುತ್ತಲೇ ತಿರುಗುತ್ತದೆ. ಆ ಅಂಕ ಎಲ್ಲಿಂದ ಬಂತೆಂದು ಕೇಳುವವರು ಕಡಿಮೆ. ಮತ್ತೆ ಮತ್ತೆ ಹೆಸರು ಕೇಳಿಬರುವ ಎಸ್‌ಡಬ್ಲ್ಯೂಇ-ಬೆಂಚ್ ಪರೀಕ್ಷೆಯನ್ನೇ ನೋಡಿ. 2023ರಲ್ಲಿ ಬಂದ ಅದರ ಮೂಲರೂಪದ 2,294 ಪ್ರಶ್ನೆಗಳೂ 12 ಪೈಥಾನ್ ಯೋಜನೆಗಳಿಂದ ಆಯ್ದವು. ನಮ್ಮ ಲಿಪಿಯನ್ನು ಮುಟ್ಟುವ ಕೆಲಸಕ್ಕೆ ಈ ಅಂಕ ಎಷ್ಟರಮಟ್ಟಿಗೆ ಸಾಕ್ಷಿಯಾದೀತು?

1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಪ್ರಕಟಿಸಿದ 'ಪಟ್ಟೋಲೆ ಪಳಮೆ' ಕೊಡವರ ಹಾಡು, ಪದ್ಧತಿ, ಗಾದೆಗಳನ್ನು ಕೊಡವ ತಕ್ಕ್‌ನಲ್ಲಿ, ಕನ್ನಡ ಲಿಪಿಯಲ್ಲಿ ಕೂಡಿಸಿಟ್ಟ ಗ್ರಂಥ. ಮಡಿಕೇರಿಯ ವಿದ್ಯಾರ್ಥಿಯೊಬ್ಬಳು ಅಂಥ ಹಾಡುಗಳಿಗೊಂದು ಪದಸೂಚಿ ತಂತ್ರಾಂಶ ಮಾಡಹೊರಟಳು ಎಂದುಕೊಳ್ಳೋಣ. ಅವಳು ಯಾವ ಸಹಾಯಕವನ್ನು ಆರಿಸಬೇಕು?

ಮೊದಲ ಪರೀಕ್ಷೆಗೆ 'ಕೊಡಗು' ಎಂಬ ಒಂದೇ ಪದ ಸಾಕು. ನಮ್ಮ ಕಣ್ಣಿಗೆ ಅದು ಮೂರಕ್ಷರ. ಯೂನಿಕೋಡ್‌ನಲ್ಲಿ ಐದು ಸಂಕೇತ. 'ಕೊ'ದ ಸ್ವರಚಿಹ್ನೆ ಎರಡು ತುಂಡಾಗಿ ದಾಖಲಾಗಿದ್ದರೆ ಆರು. ನೋಡಲು ಎರಡೂ ಒಂದೇ. ಹುಡುಕುವ ಯಂತ್ರಕ್ಕೆ ಮಾತ್ರ, ಮೊದಲೇ ಏಕರೂಪಕ್ಕೆ ತಾರದಿದ್ದರೆ, ಬೇರೆ ಬೇರೆ ಪದ. ಅಕ್ಷರಗಳನ್ನು ತಿರುಗಿಸು ಎಂದರೆ 'ಗುಡಕೊ' ಬರಬೇಕು. ಸಂಕೇತಗಳನ್ನಷ್ಟೇ ಎಣಿಸುವ ಕೋಡ್ ಆಸರೆಯಿಲ್ಲದ ಉಕಾರವೊಂದನ್ನು ಮುಂದಿಡುತ್ತದೆ. 'ಪಟ್ಟೋಲೆ'ಯಂಥ ಒತ್ತಕ್ಷರದ ಪದದಲ್ಲಿ ತೊಡಕು ಇನ್ನೂ ಹೆಚ್ಚು. ಛಂದಸ್ಸು ಓದಿದವರಿಗೆ ಇದು ಹೊಸತಲ್ಲ: ಅಕ್ಷರ ಎಣಿಸಲು ತಪ್ಪಿದರೆ ಪ್ರಸ್ತಾರವೇ ತಪ್ಪುತ್ತದೆ.

ಎರಡನೆಯ ಪರೀಕ್ಷೆ ಇನ್ನೂ ಸೂಕ್ಷ್ಮ. ಕೊಡವ ತಕ್ಕ್‌ನ ಕೆಲವು ಸ್ವರಗಳಿಗೆ ಕನ್ನಡ ಲಿಪಿಯಲ್ಲಿ ಪ್ರತ್ಯೇಕ ಚಿಹ್ನೆಯಿಲ್ಲ. ಹಾಗಾಗಿ ಒಂದೇ ಪದ ಎರಡು ಬಗೆಯಲ್ಲಿ ಬರೆಸಿಕೊಳ್ಳಬಹುದು. ಸಹಾಯಕ ಅದನ್ನು ಕನ್ನಡದ ಕಾಗುಣಿತ ದೋಷವೆಂದು ತಿಳಿದು 'ಸರಿಪಡಿಸುವ' ಕೋಡ್ ಬರೆದರೆ? ಪದಸೂಚಿ ಅಚ್ಚುಕಟ್ಟಾಗಿ ಕಾಣುತ್ತದೆ, ಭಾಷೆ ಮಾತ್ರ ಸದ್ದಿಲ್ಲದೆ ಅಳಿಸಿಹೋಗಿರುತ್ತದೆ. ಇದರ ಎದುರು ವೇಗ, ಬೆಲೆಗಳ ಹೋಲಿಕೆ ಸಣ್ಣದು.

2021ರಲ್ಲಿ ಗಿಟ್‌ಹಬ್ ಕೋಪೈಲಟ್ ಬಂದಾಗ ಅದು ನಾವು ಬರೆಯುತ್ತಿದ್ದ ಸಾಲನ್ನು ಮುಂದುವರಿಸಿಕೊಡುತ್ತಿತ್ತು. 2025ರಲ್ಲಿ ಬಂದ ಕ್ಲಾಡ್ ಕೋಡ್‌ನಂಥವು ಹಲವು ಫೈಲುಗಳನ್ನು ತಾವೇ ತಿದ್ದುತ್ತವೆ. ಕೋಪೈಲಟ್ ಕೂಡ ಈಗ ಅದೇ ದಾರಿ ಹಿಡಿದಿದೆ. ಯಂತ್ರ ಹೆಚ್ಚು ಬರೆದಷ್ಟೂ ನಾವು ಓದಬೇಕಾದದ್ದು ಹೆಚ್ಚು. ಮಾಡಿದ ಬದಲಾವಣೆಯನ್ನು ಸಣ್ಣ ಸಣ್ಣ ತುಣುಕಾಗಿ ತೋರಿಸಿ, ಅನುಮಾನ ಬಂದಲ್ಲಿ ನಿಂತು ಕೇಳುವ ಸಹಾಯಕವೇ ಈ ಕೆಲಸಕ್ಕೆ ಒಳ್ಳೆಯದು.

ಅದನ್ನು ಕಂಡುಕೊಳ್ಳಲು ದೊಡ್ಡ ಪ್ರಯೋಗಾಲಯ ಬೇಡ. ಸರಿಯುತ್ತರ ಗೊತ್ತಿರುವ ಇಪ್ಪತ್ತು ಪದಗಳ ಪಟ್ಟಿ ಮಾಡಿ, ಎಲ್ಲ ಸಹಾಯಕಗಳಿಗೂ ಅದನ್ನೇ ಕೊಟ್ಟು, ಬಂದ ಕೋಡನ್ನು ಓದಿದರಾಯಿತು. ಆದರೆ ಆ ಪಟ್ಟಿ ಮಾಡಬೇಕಾದವರು ಕೊಡವ ತಕ್ಕ್ ಬಲ್ಲವರು. ಅವರನ್ನು ಕೇಳದೆ ಮಾಡಿದ ಆಯ್ಕೆ, ಅಂಕ ಎಷ್ಟೇ ಇರಲಿ, ಅರ್ಧ ಆಯ್ಕೆ.