ಮುದ್ದೆಯ ಲೆಕ್ಕ, ಬೆಣ್ಣೆಯ ಲೆಕ್ಕ

ಚನ್ನಪಟ್ಟಣದ ಯಾವುದಾದರೂ ಮಿಲಿಟರಿ ಹೋಟೆಲಿನಲ್ಲಿ ಕೂತು ಫೋನಿನ ಕ್ಯಾಲೊರಿ ಆಪಿಗೆ ‘ರಾಗಿ ಮುದ್ದೆ, ಒಂದು’ ಎಂದು ಬರೆದರೆ ಅದು ಥಟ್ಟನೆ ಒಂದು ಅಂಕಿ ಕೊಡುತ್ತದೆ. ಮುದ್ದೆ ಎಷ್ಟು ದಪ್ಪ ಎಂದು ಕೇಳುವುದೇ ಇಲ್ಲ. ಮನೆಯ ಮುದ್ದೆಗೂ ಹೊಲದ ಕೆಲಸದವರಿಗೆಂದು ಕಟ್ಟುವ ಮುದ್ದೆಗೂ ಇರುವ ಅಂತರ ಗೊತ್ತಿಲ್ಲದವರು ಬರೆದ ಪಟ್ಟಿ ಅದು. ಸಕ್ಕರೆ ಕಾಯಿಲೆಯವರು, ತೂಕ ಇಳಿಸುವವರು ದಿನವೂ ಇಂಥ ಅಂಕಿಯನ್ನೇ ನಂಬಿ ಬದುಕುವ ಕಾಲದಲ್ಲಿ, ಈ ಲೆಕ್ಕ ಎಷ್ಟು ಗಟ್ಟಿ ಎಂದು ಕೇಳುವುದು ನ್ಯಾಯ.

ಕಾನೂನು ಇಲ್ಲಿ ಹೆಚ್ಚು ನೆರವಿಗೆ ಬರುವುದಿಲ್ಲ. ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ 2022ರ ಜುಲೈ 1ರಿಂದ ಜಾರಿಗೆ ಬಂತು. ಕೇಂದ್ರ ಪರವಾನಗಿ ಇರುವ, ಇಲ್ಲವೇ ಹತ್ತು ಅಥವಾ ಹೆಚ್ಚು ಶಾಖೆಗಳಿರುವ ಹೋಟೆಲುಗಳು ಮಾತ್ರ ಮೆನುವಿನಲ್ಲಿ ಕ್ಯಾಲೊರಿ ನಮೂದಿಸಬೇಕು. ಹೀಗಾಗಿ ಹೆದ್ದಾರಿ ಬದಿಯ ದೊಡ್ಡ ಸರಣಿಯ ಕಾಫಿಗೆ ಅಂಕಿ ಉಂಟು, ಪೇಟೆಯೊಳಗಿನ ಒಂಟಿ ಹೋಟೆಲಿನ ಕಾಫಿಗೆ ಇಲ್ಲ.

ಅಂಕಿ ಇದ್ದ ಮಾತ್ರಕ್ಕೆ ನಿಶ್ಚಿಂತೆಯೂ ಇಲ್ಲ. ಅಮೆರಿಕದಲ್ಲಿ 42 ಹೋಟೆಲುಗಳ 269 ತಿನಿಸುಗಳನ್ನು ಪರೀಕ್ಷಿಸಿದ 2011ರ ಅಧ್ಯಯನದಲ್ಲಿ, ಸರಾಸರಿ ಸರಿಯಿದ್ದರೂ ನೂರರಲ್ಲಿ ಹತ್ತೊಂಬತ್ತು ತಿನಿಸುಗಳಲ್ಲಿ ಬರೆದದ್ದಕ್ಕಿಂತ ಕನಿಷ್ಠ 100 ಕ್ಯಾಲೊರಿ ಹೆಚ್ಚಿತ್ತು. ನಮಗೆ ಹತ್ತಿರದ್ದು 2018ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪ್ರಕಟಿಸಿದ ಅಧ್ಯಯನ. ಬೆಂಗಳೂರೂ ಸೇರಿ ಐದು ದೇಶಗಳ ಊರುಗಳ 111 ಹೋಟೆಲುಗಳಿಂದ ಜನ ಹೆಚ್ಚಾಗಿ ಕೊಳ್ಳುವ ಊಟಗಳನ್ನು ತಂದು, ಪ್ರಯೋಗಾಲಯದಲ್ಲಿ ಉರಿಸಿಯೇ ಅಳೆದರು. ಕೂತು ಉಣ್ಣುವ ಹೋಟೆಲುಗಳ ಊಟಗಳಲ್ಲಿ ಶೇ. 94ರಷ್ಟು 600 ಕ್ಯಾಲೊರಿ ಮುಟ್ಟಿದ್ದವು ಅಥವಾ ದಾಟಿದ್ದವು. ಫಾಸ್ಟ್ ಫುಡ್‌ನಲ್ಲಿ ಅದು ಶೇ. 72. ಬರ್ಗರಿಗೆ ಬೈದು ಊಟದ ಹೋಟೆಲಿಗೆ ಹೋಗುವವರು ಇದನ್ನು ಗಮನಿಸಲಿ.

ಮುದ್ದೆಗೆ ಬರೋಣ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ. ಆದರೆ ಇದು ಒಣ ರಾಗಿಯ ಲೆಕ್ಕ. ಬೆಂದ ಮುದ್ದೆಯಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ನೀರೇ. 300 ಗ್ರಾಂ ತೂಗುವ ಮುದ್ದೆಯನ್ನು ರಾಗಿಯ ಸಾಲಿನಲ್ಲಿ ನಮೂದಿಸಿದರೆ 960 ಬರುತ್ತದೆ. ಒಳಗಿರುವುದು ಸುಮಾರು 100 ಗ್ರಾಂ ಹಿಟ್ಟು, ಅಂದರೆ 320. ಮೂರು ಪಟ್ಟು ತಪ್ಪಿ, ಮುದ್ದೆಯನ್ನೇ ಬಿಟ್ಟವರಿದ್ದಾರೆ. ಅನ್ನಕ್ಕೂ ಇದೇ ಗತಿ: ಒಣ ಅಕ್ಕಿ 100 ಗ್ರಾಂಗೆ 356, ಬೆಂದ ಅನ್ನಕ್ಕೆ ಸುಮಾರು 130. ಹೋಟೆಲ್ ಊಟ ಅಳೆಯಲು ನಾನು ಒಪ್ಪುವ ದಾರಿ ಒಂದೇ. ತಟ್ಟೆಯಲ್ಲಿರುವುದನ್ನು ಹಸಿ ಪದಾರ್ಥಕ್ಕೆ ಹಿಂತಿರುಗಿಸಿ, ಹಿಟ್ಟು ಎಷ್ಟು, ಅಕ್ಕಿ ಎಷ್ಟು, ಎಣ್ಣೆ ಎಷ್ಟು ಎಂದು ಕೇಳಬೇಕು.

ಈ ದಾರಿ ಮುಗ್ಗರಿಸುವುದು ಎಣ್ಣೆಯಲ್ಲಿ. ಹಿಟ್ಟು, ಬೇಳೆಗೆ ಗ್ರಾಂಗೆ ನಾಲ್ಕರ ಆಸುಪಾಸು ಇದ್ದರೆ ಕೊಬ್ಬಿಗೆ ಒಂಬತ್ತು. ಒಂದು ದೊಡ್ಡ ಚಮಚ ಎಣ್ಣೆ ಹೆಚ್ಚುಕಮ್ಮಿಯಾದರೆ 120 ಕ್ಯಾಲೊರಿ ವ್ಯತ್ಯಾಸ. ಬಿಡದಿ ಕಡೆಯ ತಟ್ಟೆ ಇಡ್ಲಿಯ ಮೇಲೆ ಕರಗುವ ಬೆಣ್ಣೆ 15 ಗ್ರಾಂ ಇದ್ದರೆ ಅದೊಂದೇ 108. ಫೋಟೊ ನೋಡಿ ಲೆಕ್ಕ ಹೇಳುವ ಆಪುಗಳಿಗೆ ಕಾಣುವುದು ಬಿಳಿ ಇಡ್ಲಿ. ಬೆಣ್ಣೆ ಕರಗಿ ಒಳಗಿಳಿದಿರುತ್ತದೆ. ನಾಟಿಕೋಳಿ ಸಾರಿನಲ್ಲಿ ರುಬ್ಬಿದ ಕಾಯಿಯೂ ಹಾಗೇ, ಕಣ್ಣಿಗೆ ಬೀಳುವುದಿಲ್ಲ. ಹಸಿ ತೆಂಗಿನಕಾಯಿ 100 ಗ್ರಾಂಗೆ 400 ದಾಟುತ್ತದೆ. ಇನ್ನು ಚಟ್ನಿಯನ್ನು ಕೇಳದೆಯೇ ಮತ್ತೆ ಮತ್ತೆ ಬಡಿಸುವ ಸಪ್ಲೈಯರ್ ಯಾವ ಆಪಿನ ಲೆಕ್ಕಕ್ಕೂ ಸಿಗುವವನಲ್ಲ. ಮದ್ದೂರು ವಡೆಯ ಎಣ್ಣೆ ಬಾಂಡಲಿಯ ಕಾವಿಗೆ ತಕ್ಕಂತೆ ಬದಲಾಗುತ್ತದೆ. ಅಲ್ಲಿ ನಿಖರತೆಯ ಮಾತೇ ಬೇಡ.

ಹಾಗಾಗಿ ‘347 ಕ್ಯಾಲೊರಿ’ ಎನ್ನುವ ಆಪನ್ನು ನಾನು ನಂಬುವುದಿಲ್ಲ. ಆ ಏಳು ಎಲ್ಲಿಂದ ಬಂತು ಎಂದು ಅದಕ್ಕೂ ಗೊತ್ತಿಲ್ಲ. ‘ಮುನ್ನೂರರಿಂದ ಐನೂರು’ ಎಂಬ ಉತ್ತರ ಸೊಗಸಾಗಿಲ್ಲ, ಆದರೆ ಪ್ರಾಮಾಣಿಕ. ಒಂದೇ ಹೋಟೆಲಿನಲ್ಲಿ ಒಂದೇ ಊಟವನ್ನು ತಿಂಗಳುಗಟ್ಟಲೆ ಉಣ್ಣುವವರಿಗೆ ಅದೂ ಸಾಕು: ಲೆಕ್ಕ ತಪ್ಪಿದ್ದರೂ ಪ್ರತಿದಿನ ಒಂದೇ ರೀತಿ ತಪ್ಪಿರುತ್ತದೆ, ತೂಕದ ಮಾಪಕ ಉಳಿದದ್ದನ್ನು ಹೇಳುತ್ತದೆ. ಊರೂರು ಸುತ್ತಿ ಉಣ್ಣುವವರಿಗೆ ಮಾತ್ರ ಈ ಅಭ್ಯಾಸದಿಂದ ಲಾಭ ಕಡಿಮೆ.

ನಮ್ಮ ಪೇಟೆಯ ಒಂಟಿ ಹೋಟೆಲುಗಳಿಂದ ಕ್ಯಾಲೊರಿ ಬೋರ್ಡು ಕೇಳುವುದು ಹಟ. ಪ್ರಯೋಗಾಲಯದ ಖರ್ಚನ್ನು ಅವರು ಯಾಕೆ ಹೊರಬೇಕು? ಬೆಲೆಪಟ್ಟಿಯ ಪಕ್ಕ ‘ಮುದ್ದೆ 300 ಗ್ರಾಂ, ಬೆಣ್ಣೆ 15 ಗ್ರಾಂ’ ಎಂದು ಸೀಮೆಸುಣ್ಣದಲ್ಲಿ ಬರೆದರೆ ಸಾಕು. ತಕ್ಕಡಿ ಅಡುಗೆಮನೆಯಲ್ಲೇ ಸಿಗುತ್ತದೆ. ಗುಣಾಕಾರವನ್ನು ಗಿರಾಕಿ ಮಾಡಿಕೊಳ್ಳುತ್ತಾನೆ.