ಚಿತ್ರಪಟದ ವೀಣೆ, ಬೀಸುಕಲ್ಲಿನ ದನಿ

ಮೈಸೂರಿನ ಜಗನ್ಮೋಹನ ಅರಮನೆಯ ಕಲಾಸಂಗ್ರಹಕ್ಕೆ ಸೇರಿದ ರಾಜಾ ರವಿವರ್ಮನ (1848–1906) ‘ಗ್ಯಾಲಕ್ಸಿ ಆಫ್ ಮ್ಯುಸಿಷಿಯನ್ಸ್’ ತೈಲಚಿತ್ರವು 1889ರ ಸುಮಾರಿನದು. ಹತ್ತನೆಯ ಚಾಮರಾಜ ಒಡೆಯರ ಆಳ್ವಿಕೆಯ ಕಾಲದ್ದು. ಹನ್ನೊಂದು ಮಂದಿ ಸ್ತ್ರೀಯರು ತಮ್ಮ ತಮ್ಮ ಪ್ರಾಂತದ ಉಡುಗೆಯಲ್ಲಿ ಇಲ್ಲಿ ಒಟ್ಟುಗೂಡಿದ್ದಾರೆ. ವಿಮರ್ಶಕರು ಇದನ್ನು ಭಾರತವನ್ನು ಒಂದೇ ಚೌಕಟ್ಟಿನಲ್ಲಿ ಕಲ್ಪಿಸಿಕೊಂಡ ಕೃತಿಯೆಂದು ಓದುತ್ತ ಬಂದಿದ್ದಾರೆ. ಆ ಓದು ಸಾಧುವಾದುದೇ. ಆದರೆ ಸ್ತ್ರೀಯರ ಸಂಗೀತಕ್ಕೆ ಇದನ್ನು ಎಷ್ಟರಮಟ್ಟಿಗೆ ದಾಖಲೆಯಾಗಿ ಸ್ವೀಕರಿಸಬಹುದು ಎಂಬ ಪ್ರಶ್ನೆ ಉಳಿದೇ ಇದೆ.

ಚಿತ್ರಕ್ಕೆ ದನಿಯಿಲ್ಲ. ಆದ್ದರಿಂದ ಸಂಗೀತವನ್ನು ಸೂಚಿಸಲು ಚಿತ್ರಕಾರ ವಾದ್ಯವನ್ನೇ ಆಶ್ರಯಿಸುತ್ತಾನೆ. ರವಿವರ್ಮನಲ್ಲಿ ನಾಯರ್ ಸ್ತ್ರೀಗೆ ವೀಣೆ ಒದಗಿದೆ. ಫ್ರಾನ್ಸಿನ ರೆನ್ವಾರ್ 1892ರಲ್ಲಿ ರಚಿಸಿದ, ಅಲ್ಲಿನ ಸರ್ಕಾರ ಕೊಂಡುಕೊಂಡ, ಪಿಯಾನೊ ಮುಂದಿನ ಇಬ್ಬರು ಹುಡುಗಿಯರ ಚಿತ್ರದಲ್ಲಿಯೂ ಇದೇ ಕ್ರಮವನ್ನು ಕಾಣಬಹುದು. ಎರಡೂ ಕಡೆ ವಾದ್ಯವು ನಾದವನ್ನಷ್ಟೇ ಅಲ್ಲ, ಮನೆತನದ ಅಂತಸ್ತನ್ನೂ ಹೇಳುತ್ತದೆ.

ಅರಮನೆಯಿಂದ ಪಶ್ಚಿಮಕ್ಕೆ ಹೊರಳಿದರೆ ಈ ಸೂಚಕವೇ ಸೋಲುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆಗಳ ಹೆಂಗಸರ ಹಾಡು ಬಹುಮಟ್ಟಿಗೆ ಬರಿಗಂಠದ್ದು. ರಾಗಿ ಬೀಸುವ ಪದ, ಭತ್ತದ ನಾಟಿಯ ಪದ, ಮದುವೆಯ ಸೋಬಾನೆ ಇವಾವುದಕ್ಕೂ ವಾದ್ಯದ ಹಂಗಿಲ್ಲ. ಕಪ್ಪಡಿಯ ಜಾತ್ರೆಗೆ ಬರುವ ನೀಲಗಾರರ ತಂಬೂರಿಯೂ ಹೆಚ್ಚಾಗಿ ಗಂಡಸರ ಕೈಯಲ್ಲಿದೆ. ಬೀಸುಕಲ್ಲಿನ ಮುಂದೆ ಹಾಡುತ್ತಿರುವವಳನ್ನು ಯಾರಾದರೂ ಚಿತ್ರಿಸಿದ್ದರೂ ನೋಡುಗನಿಗೆ ಕಾಣುತ್ತಿದ್ದುದು ದುಡಿಮೆ, ಸಂಗೀತವಲ್ಲ. ಹೀಗಾಗಿ ಚಿತ್ರಪಟದಲ್ಲಿ ಅವಳ ಗೈರುಹಾಜರಿಯನ್ನು ಅವಳಿಗೆ ಸಂಗೀತವಿರಲಿಲ್ಲ ಎಂಬುದಕ್ಕೆ ಪುರಾವೆಯಾಗಿಸುವುದು ತಪ್ಪಾಗುತ್ತದೆ.

ದೋಷವನ್ನು ಚಿತ್ರಕಾರನ ಮೇಲೆ ಮಾತ್ರ ಹೊರಿಸುವುದೂ ನ್ಯಾಯವಲ್ಲ. ಜಾನಪದ ಸಂಗ್ರಾಹಕರು ಬೀಸುವ ಪದಗಳನ್ನು ತ್ರಿಪದಿಗಳಾಗಿ ಅಚ್ಚು ಹಾಕಿಸಿದಾಗ ಉಳಿದದ್ದು ಬಹುಪಾಲು ಮಾತು. ಧಾಟಿ, ಉಸಿರಿನ ನಿಲುಗಡೆ, ಕಲ್ಲಿನ ಸುತ್ತಿಗೆ ಹೊಂದಿದ ಲಯ ಪುಟದಿಂದ ಹೊರಗುಳಿದವು. ರವಿವರ್ಮ ವಾದ್ಯವನ್ನು ಉಳಿಸಿ ದನಿಯನ್ನು ಕೈಬಿಟ್ಟಂತೆ, ಸಂಗ್ರಾಹಕರು ಸಾಹಿತ್ಯವನ್ನು ಉಳಿಸಿ ದನಿಯನ್ನು ಕೈಬಿಟ್ಟರು. ಹಿಟ್ಟಿನ ಗಿರಣಿಗಳು ಬಂದ ಮೇಲೆ ಈ ಹಾಡಿಗೆ ಅದರ ಸಂದರ್ಭವೂ ಇಲ್ಲವಾಗುತ್ತ ಬಂದಿತು. ನೆನಪಿನಿಂದ ಹಾಡಬಲ್ಲ ಹಿರಿಯ ಹೆಂಗಸರು ಇನ್ನೂ ಇರುವಾಗ, ಪಠ್ಯದೊಂದಿಗೆ ಧ್ವನಿಮುದ್ರಣವನ್ನೂ ಆಧಾರವಾಗಿ ಉಳಿಸಿಕೊಳ್ಳುವುದು ಸಂಶೋಧನೆಯ ತುರ್ತು ಹೊಣೆ.