ಅರ್ಧ ಔನ್ಸಿನ ತೀರ್ಪು

ಕಾಗದ ತೂಗುವ ಹಳೆಯ ತಕ್ಕಡಿಗಳ ಹಿತ್ತಾಳೆಯ ಹೊಳಪನ್ನೂ ಪೀಠದ ಕುಸುರಿಯನ್ನೂ ಕೊಂಡಾಡುವ ರಸಿಕರು ಅವು ತೂಗುವ ಬಗೆಯನ್ನು ಅಷ್ಟು ಆಸ್ಥೆಯಿಂದ ವಿಚಾರಿಸುವುದಿಲ್ಲವೆಂಬುದು ನನಗೆ ದೊಡ್ಡ ಕೊರತೆಯಾಗಿ ತೋರಿದೆ. ಇಂಗ್ಲೆಂಡಿನಲ್ಲಿ ಈ ಉಪಕರಣವು ಗೃಹಸ್ಥರ ಬರೆಯುವ ಮೇಜನ್ನೇರಿದುದು ರೋಲೆಂಡ್ ಹಿಲ್ಲನ ಸುಧಾರಣೆಯ ಫಲವಾಗಿ. ಅದುವರೆಗೆ ದೂರವನ್ನೂ ಹಾಳೆಗಳ ಸಂಖ್ಯೆಯನ್ನೂ ನೋಡಿ ಗೊತ್ತುಮಾಡುತ್ತಿದ್ದ ಅಂಚೆಯ ದರವು 1840ರ ಜನವರಿ 10ರಿಂದ ತೂಕವನ್ನು ಮಾತ್ರ ಅವಲಂಬಿಸಿತು: ಮುಂಗಡ ತೆತ್ತ ಕಾಗದಕ್ಕೆ ಅರ್ಧ ಔನ್ಸಿನವರೆಗೆ ಒಂದು ಪೆನ್ನಿ, ಒಂದು ಔನ್ಸಿನವರೆಗೆ ಎರಡು, ಅಲ್ಲಿಂದ ಮುಂದೆ ಔನ್ಸಿಗೆ ಎರಡೆರಡು ಹೆಚ್ಚು. ದರವು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದಾಗ, ಕಾಗದ ಬರೆದವನು ತಿಳಿಯಬೇಕಾದುದು ಅದು ಮೆಟ್ಟಿಲನ್ನು ದಾಟಿತೆ ಇಲ್ಲವೆ ಎಂಬುದಷ್ಟನ್ನೆ. ಈ ತೀರ್ಪನ್ನು ಸಂದೇಹವಿಲ್ಲದೆ ಕೊಡುವ ತಕ್ಕಡಿಯೇ ಉತ್ತಮವೆಂಬುದು ನನ್ನ ಮತ.

ಬರ್ಮಿಂಗ್‌ಹ್ಯಾಮಿನ ವಿನ್‌ಫೀಲ್ಡ್ ಮೊದಲಾದವರು ಮೇಣದಬತ್ತಿಯ ಕಂಬದ ಆಕಾರದಲ್ಲಿ ಮಾಡಿದ ತಕ್ಕಡಿಗಳು ನೋಟಕ್ಕೆ ಬಹು ಸೊಗಸು. ಬತ್ತಿಯ ಜಾಗದಲ್ಲಿರುವ ತಟ್ಟೆಯ ಮೇಲೆ ಕಾಗದವನ್ನಿಟ್ಟರೆ ಕಂಬದೊಳಗಿನ ಸ್ಪ್ರಿಂಗು ಕುಗ್ಗುತ್ತದೆ. ಕಂಬದ ಮೇಲಿನ ಗೆರೆ ತೂಕವನ್ನು ತೋರಿಸುತ್ತದೆ. ಕೆಲವದರಲ್ಲಿ ತೆರಬೇಕಾದ ಪೆನ್ನಿಗಳನ್ನೂ ಪಕ್ಕದಲ್ಲಿ ಕೆತ್ತಿರುತ್ತಾರೆ. ಆದರೆ ತೂಕವು ಗೆರೆಯ ಹತ್ತಿರಕ್ಕೆ ಬಂದಾಗ, ಎಂದರೆ ತೀರ್ಪು ನಿಜವಾಗಿ ಬೇಕಾದ ಗಳಿಗೆಯಲ್ಲಿಯೇ, ಕಣ್ಣು ತಡವರಿಸುತ್ತದೆ. 1871ರಲ್ಲಿ ಒಂದು ಪೆನ್ನಿಗೆ ಒಂದು ಔನ್ಸು ಎಂದು ದರ ಬದಲಾದೊಡನೆ ಆ ಸುಂದರವಾದ ಕೆತ್ತನೆಯೂ ಸುಳ್ಳಾಯಿತು.

ಸ್ಯಾಂಪ್ಸನ್ ಮಾರ್ಡನ್ನನ ಸಂಸ್ಥೆಯಂಥವು ತಯಾರಿಸಿದ ರೊಬರ್ವಾಲ್ ಬಗೆಯ ತಕ್ಕಡಿಯಲ್ಲಿ ಈ ಎರಡು ದೋಷಗಳೂ ಇಲ್ಲ. ಫ್ರಾನ್ಸಿನ ಗಣಿತಜ್ಞ ರೊಬರ್ವಾಲ್ 1669ರಲ್ಲಿ ವಿದ್ವತ್ಸಭೆಯ ಮುಂದಿಟ್ಟ ಯುಕ್ತಿಯಿದು. ಮೇಲೊಂದು ದಂಡ, ಕೆಳಗೆ ಅದಕ್ಕೆ ಸಮಾಂತರವಾದ ಇನ್ನೊಂದು, ಇಬ್ಬದಿಗಳಲ್ಲಿ ಅವನ್ನು ಕೂಡಿಸುವ ಎರಡು ನಿಲುವು ಕಂಬಿಗಳು. ನಾಲ್ಕು ಮೂಲೆಗಳಲ್ಲಿಯೂ ಕೀಲು. ದಂಡವು ಯಾವ ಕಡೆಗೆ ವಾಲಿದರೂ ಕಂಬಿಗಳು ನೆಟ್ಟಗೇ ನಿಲ್ಲುವುದರಿಂದ ಅವುಗಳ ತಲೆಯ ಮೇಲಿನ ತಟ್ಟೆಗಳು ಸಮತಲವನ್ನು ಬಿಡುವುದಿಲ್ಲ. ಕಾಗದವೆಂಬುದು ಅಗಲವಾದ, ಹಗುರವಾದ ವಸ್ತು. ತೂಗುಬಿಟ್ಟ ತಟ್ಟೆಯಲ್ಲಿಟ್ಟರೆ ಸರಪಣಿಗೆ ತಾಗುತ್ತದೆ, ಜಾರುತ್ತದೆ. ಇಲ್ಲಿ ಲಕೋಟೆಯು ತಟ್ಟೆಯ ಒಂದು ಅಂಚಿಗೆ ಸರಿದು ಕುಳಿತರೂ ತೂಕ ಕೆಡದು. ಓರೆಯ ಭಾರವೆಲ್ಲ ಪಕ್ಕದ ಒತ್ತಡವಾಗಿ ಕೀಲುಗಳಿಗೆ ಹೋಗುತ್ತದೆ. ಎದುರು ತಟ್ಟೆಯಲ್ಲಿ ಅರ್ಧ ಔನ್ಸಿನ ಬಿಲ್ಲೆಯನ್ನಿಟ್ಟರೆ ಕಾಗದವು ಅದನ್ನು ಎತ್ತುತ್ತದೆ ಅಥವಾ ಎತ್ತುವುದಿಲ್ಲ. ದರ ಬದಲಾದರೆ ಬೇರೆ ಬಿಲ್ಲೆಯನ್ನಿಟ್ಟರಾಯಿತು, ಯಂತ್ರವನ್ನು ಮುಟ್ಟಬೇಕಾಗಿಲ್ಲ. ಮರದ ಪೀಠದಲ್ಲಿ ಕೊರೆದ ದುಂಡು ಕುಳಿಗಳಲ್ಲಿ ಈ ಹಿತ್ತಾಳೆಯ ಬಿಲ್ಲೆಗಳು ಗಾತ್ರಕ್ಕನುಗುಣವಾಗಿ ಕುಳಿತಿರುವುದನ್ನು ಕಂಡಾಗ, ಇದಕ್ಕೆ ಬೇರೆ ಅಲಂಕಾರವೇಕೆಂದು ಎನಿಸುತ್ತದೆ; ಪಿಂಗಾಣಿಯ ಚಿತ್ರಫಲಕಗಳನ್ನು ಅಂಟಿಸಿ ಮೆರೆಸಿದ ಮಾದರಿಗಳು ನನಗೆ ರುಚಿಸುವುದಿಲ್ಲ.

ಆದರೂ ಈ ಗುಣಕ್ಕೆ ಬೆಲೆ ತೆರಲೇಬೇಕು. ಕೀಲುಗಳು ಹೆಚ್ಚಿದಷ್ಟೂ ಘರ್ಷಣೆ ಹೆಚ್ಚು, ಸೂಕ್ಷ್ಮತೆ ಕಡಿಮೆ. ಹದಿನಾಲ್ಕು ಗ್ರಾಮಿಗೆ ಸಮೀಪವಾದ ಅರ್ಧ ಔನ್ಸಿಗೆ ಇದು ಸಾಲುತ್ತದೆ. ನಮ್ಮ ದೇಶದಲ್ಲಾದರೋ 1854ರ ಏಕರೂಪದ ದರವು ಅರ್ಧ ಆಣೆಗೆ ಕಾಲು ತೊಲವನ್ನು, ಎಂದರೆ ಮೂರು ಗ್ರಾಮನ್ನೂ ಮುಟ್ಟದ ತೂಕವನ್ನು, ಮಿತಿಯಾಗಿಟ್ಟಿತು. ಅಷ್ಟು ಕಿರಿದಾದ ಮಿತಿಯನ್ನು ಕೀಲು ಬಿಗಿದ ರೊಬರ್ವಾಲ್ ತಕ್ಕಡಿಗೆ ಒಪ್ಪಿಸಲು ನಾನು ಹಿಂಜರಿಯುತ್ತೇನೆ. ಅಲ್ಲಿ ಅಕ್ಕಸಾಲಿಗನ ತೂಗುತಟ್ಟೆಯ ತ್ರಾಸೇ, ಕಾಗದವನ್ನು ಮಡಿಸಿ ಇಡಬೇಕಾದ ತೊಂದರೆಯಿದ್ದರೂ, ಹೆಚ್ಚು ನಂಬತಕ್ಕದ್ದು.